ಎಂಟನೇ ತಿಂಗಳ ಹೊಗೆ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
26 ಜುಲೈ 2015

ಪ್ರೀತಿಯ ಪುತಾ ಎಲ್ರಾಯ್,

ನಾನು ಕ್ಷೇಮ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಲಿಫ್ಟ್ ಕೆಟ್ಟು ವಾರವಾಯಿತು. ಈ ಸೆಕೆಯಲ್ಲಿ ಮೂರನೇ ಮಾಳಿಗೆ ಹತ್ತಿ ಇಳಿದು ಮೊಣಕಾಲು ನನ್ನದೇ ಅಲ್ಲ ಎನ್ನುವ ಹಾಗಾಗಿದೆ. ಕಟ್ಟಡದ ವಾಚ್‌ಮನ್ ಕೇಳಿದಾಗಲೆಲ್ಲ ‘ಬುಕ್ರಾ’ ಎನ್ನುತ್ತಾನೆ. ಅವನ ನಾಳೆ ಯಾವತ್ತು ಬರುತ್ತದೋ ಆ ದೇವಮಾತೆಗೇ ಗೊತ್ತು. ಮೊಣಕಾಲು ಬಿಟ್ಟರೆ ಉಳಿದದ್ದು ಕ್ಷೇಮ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನನ್ನ ರೂಮಿನ ಸೂಫಿಯಾ ನಗುತ್ತಾಳೆ. ನಗಲಿ. ನಿನ್ನ ಆ ಎಸ್ಟೇಟಿನಲ್ಲಿ ಫೋನ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕಂತೆ, ಹತ್ತಿದರೂ ಅರ್ಧ ಮಾತು ಗಾಳಿಗೆ. ಬಾಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ. ನಿನ್ನ ಪಪ್ಪ ಬದುಕಿದ್ದಾಗ ಬೊಂಬಾಯಿಗೂ ನಾನು ಹೀಗೇ ಬರೆಯುತ್ತಿದ್ದೆ. ಇಲ್ಲಿಂದ ಅಂಚೆಗೆ ಹಾಕಿದರೆ ಮಾರನೇ ದಿನ ದುಬೈಯಲ್ಲಿ ನಿಮ್ಮ ಹೆಡ್ ಆಫೀಸಿನ ಪೋಸ್ಟ್ ಬಾಕ್ಸಿಗೆ ಸೇರುತ್ತದೆ. ಅಲ್ಲಿಯ ಶಾಮಸುಂದರ ಅವರು ವಾರದ ಟಪಾಲು ಚೀಲದಲ್ಲಿ ನಿಮ್ಮ ಕಡೆಗೆ ಕಳಿಸುತ್ತಾರೆ. ಮೈಸೂರಿನವರಾದರೂ ಒಳ್ಳೆಯ ಮನುಷ್ಯ.

ಈಗ ಮುಖ್ಯ ವಿಷಯ. ಜೂಡಿತಳಿಗೆ ಮುಂದಿನ ವಾರ ಏಳನೇ ತಿಂಗಳು ಶುರು. ಸೊಸೆಗೆ ಏಳರಲ್ಲಿ ಹೂ ಮುಡಿಸಿ ತವರಿಗೆ ಕಳಿಸುವುದು ಅತ್ತೆಯ ಕೆಲಸ. ಹೂ ಮುಡಿಸದೆ ಕಳಿಸಿದರೆ ಕಲ್ಯಾಣಪುರದಲ್ಲಿ ಅವಳ ತಾಯಿಯ ಮುಂದೆ ನಾನು ಮುಖ ಎತ್ತುವುದು ಹೇಗೆ? ಆದರೆ ಆಗಸ್ಟಿನಲ್ಲಿ ವಾರ್ಡಿನ ಅರ್ಧ ಜನಕ್ಕೆ ಮಕ್ಕಳ ಶಾಲೆಯ ರಜೆ. ನನಗೆ ರಜೆ ಸಿಕ್ಕಿದ್ದು ಅಕ್ಟೋಬರ್ ಮೊದಲ ವಾರ. ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಊರವರ ಮಕ್ಕಳನ್ನೆಲ್ಲ ಮೀಯಿಸಿದವಳಿಗೆ ಸ್ವಂತ ಮೊಮ್ಮಗುವಿಗೆ ರಜೆ ಕೊಡಲು ಸಿಸ್ಟರಿಗೆ ಮನಸ್ಸಿಲ್ಲ. ಹಾಗಾಗಿ ಒಂಬತ್ತರಲ್ಲಿ ಮಾಡುವ. ಅವಳು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಬರಲಿ. ಡಾಕ್ಟರ ಚೀಟಿ ಇದ್ದರೆ ವಿಮಾನದವರು ಬಿಡುತ್ತಾರೆ. ಇಲ್ಲಿ ಹೂ ಮುಡಿಸಿ ಮಂಗಳೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಶಂಕರಪುರ ಮಲ್ಲಿಗೆ ವಿಮಾನದಲ್ಲಿ ಇಲ್ಲಿಗೂ ಬರುತ್ತದೆ, ಕೆಳಗಿನ ಅಂಗಡಿಯವನಿಗೆ ಈಗಲೇ ಹೇಳಿಟ್ಟಿದ್ದೇನೆ. ಹಸಿರು ಸೀರೆಯೂ ತೆಗೆದಾಯಿತು.

ನೀರು ನೋಡಿಕೊಳ್ಳುವ ಕೆಲಸ ಎಂದು ಬರೆದಿದ್ದೆ. ತಾಳೆ ತೋಟಕ್ಕೆ ನೀರು ಬಿಡುವುದಾ? ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಯಲ್ಲಿ ಎಣ್ಣೆ ಟಿನ್ನುಗಳ ನಡುವೆ ಇದ್ದವನು ಈಗ ಅಸಿಸ್ಟೆಂಟ್ ಮ್ಯಾನೇಜರ್ ಎಂದು ನಾನು ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಏನು ಕೆಲಸ ಎಂದು ಕೇಳಿದರೆ ಹೇಳಲು ಗೊತ್ತಿರಬೇಕಲ್ಲ.

ನಿನ್ನ ಮಮ್ಮಿ,
ಅಪೊಲೊನಿಯಾ ಪಾಯ್ಸ್


ಎಸ್ಟೇಟ್ ಕ್ವಾರ್ಟರ್ಸ್, ಮಧ್ಯ ಕಾಲಿಮಂತಾನ್, ಇಂಡೋನೇಷ್ಯಾ
19 ಆಗಸ್ಟ್ 2015

ಪ್ರೀತಿಯ ಮಮ್ಮಿ,

ನೀರು ಬಿಡುವುದಲ್ಲ. ನನ್ನ ಕೆಲಸ ನೀರು ತೆಗೆಯುವುದು.

ಇಲ್ಲಿಯ ನೆಲ ಮಣ್ಣಲ್ಲ ಮಮ್ಮಿ. ಸಾವಿರಾರು ವರ್ಷ ಮರ, ಎಲೆ, ಬೇರು ಬಿದ್ದು, ನೀರಿನಲ್ಲಿ ಮುಳುಗಿದ್ದರಿಂದ ಪೂರ್ತಿ ಕೊಳೆಯದೆ, ಕಪ್ಪಗೆ ಒಂದರ ಮೇಲೊಂದು ಕೂತದ್ದು. ಇಂಗ್ಲಿಷಿನಲ್ಲಿ ಪೀಟ್, ಇಲ್ಲಿಯವರು ಗಂಬುಟ್ ಎನ್ನುತ್ತಾರೆ. ಉದ್ದದ ಬಿದಿರು ಚುಚ್ಚಿದರೂ ತಳ ಸಿಗುವುದಿಲ್ಲ. ಮೊದಲು ಇದೆಲ್ಲ ಕಾಡು, ಕಾಲಿಟ್ಟರೆ ಸೊಂಟದವರೆಗೆ ನೀರು. ಎಣ್ಣೆ ತಾಳೆಯ ಬೇರಿಗೆ ಅಷ್ಟು ನೀರು ಆಗುವುದಿಲ್ಲ. ಅದಕ್ಕೆ ಕಾಡು ಕಡಿದು, ಉದ್ದಕ್ಕೂ ಕಾಲುವೆ ತೋಡಿ, ನೀರನ್ನು ನದಿಗೆ ಹರಿಸಿ ತೋಟ ಮಾಡಿದ್ದಾರೆ. ಕಾಲುವೆಗಳ ಬಾಗಿಲು ನನ್ನ ಕೈಯಲ್ಲಿದೆ. ನೀರಿರುವ ತನಕ ಅದು ನೆಲ. ನೀರು ಹೋದರೆ ಸೌದೆ.

ನೆಲದಿಂದ ಒಂದು ಮೊಳ ಕೆಳಗೆ ನೀರು ನಿಲ್ಲಿಸಬೇಕು ಎಂದು ನಾನು ಹೆಡ್ ಆಫೀಸಿಗೆ ಬರೆದಿದ್ದೆ. ಹೊಸ ಬ್ಲಾಕ್ ನೆಡುವುದಿದೆ, ಇನ್ನೂ ಇಳಿಸು ಎಂದು ಜೂನಿನಲ್ಲಿ ಮೇಲಿನಿಂದ ಆರ್ಡರ್ ಬಂತು. ಇಳಿಸಿದೆ. ಈಗ ಕಾಲುವೆಯಲ್ಲಿ ಇಳಿದು ನಿಂತರೆ ನೀರು ಪಾದಕ್ಕೆ, ನೆಲ ನನ್ನ ಎದೆಗೆ. ಈ ವರ್ಷ ಮಳೆಯೂ ಇಲ್ಲ. ಗಡಿಯಾಚೆ ಯಾರೋ ಹೊಲ ಸುಡಲು ಹಚ್ಚಿದ ಬೆಂಕಿ ನಮ್ಮ ಕಡೆಗೆ ಬಂದಿದೆ. ಜ್ವಾಲೆ ಕಾಣುವುದಿಲ್ಲ. ನಾವು ಮೇಲೆ ನೀರು ಹೊಡೆದು ಆರಿತು ಎಂದು ಹಿಂದೆ ಬಂದರೆ, ಅದು ನೆಲದ ಅಡಿಯಲ್ಲೇ ಹೋಗಿ ಮತ್ತೊಂದು ಕಡೆ ಹೊಗೆ ಎಬ್ಬಿಸುತ್ತದೆ. ಅಜ್ಜಿಯ ಮನೆಯ ಉಮಿ ಒಲೆ ನಿನಗೆ ನೆನಪಿರಬಹುದು, ಹಾಗೆ.

ಬೆಳಿಗ್ಗೆ ಎದ್ದರೆ ಎದುರಿನ ಮನೆ ಮಾಸಲು. ಜೂಡಿತಳಿಗೆ ಕೆಮ್ಮು. ಇಲ್ಲಿಯ ಕಾಂಪೌಂಡರ್ ಅವಳನ್ನು ನೋಡಿ, ಆಗುವುದಾದರೆ ಈಗಲೇ ಕಳಿಸಿ ಎಂದ. ಸೆಪ್ಟೆಂಬರ್ ನಾಲ್ಕಕ್ಕೆ ಕಂಪನಿಯ ಟಿಕೆಟ್ ಇದೆ, ಜಕಾರ್ತಾದಿಂದ ನೇರ ನಿನ್ನಲ್ಲಿಗೆ. ಆದರೆ ನಿನ್ನ ರಜೆ ಅಕ್ಟೋಬರಿನಲ್ಲಿ. ಅಷ್ಟಲ್ಲದೆ ನಾಲ್ಕನೇ ತಾರೀಕಿಗೆ ಅವಳಿಗೆ ಎಂಟು ಹಿಡಿದಿರುತ್ತದೆ. ಏನು ಮಾಡಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ.

ನಿನ್ನ ಮಗ,
ಎಲ್ರಾಯ್


ಅಬುಧಾಬಿ
27 ಆಗಸ್ಟ್ 2015

ಪುತಾ,

ಇದಕ್ಕೆ ಕೇಳುವುದೇನಿದೆ? ಎಂಟರಲ್ಲಿ ಬಸುರಿ ಹೊಸ್ತಿಲು ದಾಟಬಾರದು. ಏಳರಲ್ಲಿ ಹೋಗಬಹುದು, ಒಂಬತ್ತರಲ್ಲಿ ಹೋಗಬಹುದು, ಎಂಟರಲ್ಲಿ ಇಲ್ಲ. ನನ್ನ ತಾಯಿ ಹೇಳಿದ್ದು, ಅವಳ ತಾಯಿ ಹೇಳಿದ್ದು. ಇಲ್ಲಿಯ ಡಾಕ್ಟರಮ್ಮಂದಿರಿಗೆ ಹೇಳಿದರೆ ನಗುತ್ತಾರೆ ಎಂದು ನನಗೂ ಗೊತ್ತು. ಹಗಲೆಲ್ಲ ಅವರ ಹತ್ತಿರ ಕೆಲಸ ಮಾಡುವವಳು ನಾನೇ ತಾನೆ. ಆದರೆ ಆಸ್ಪತ್ರೆಯ ಬುದ್ಧಿ ಆಸ್ಪತ್ರೆಗೆ, ಮನೆಯ ಬುದ್ಧಿ ಮನೆಗೆ. ಜೂಡಿತ್ ಒಬ್ಬಳೇ ವಿಮಾನ ಬದಲಿಸಿ ಸಮುದ್ರ ದಾಟುವುದು, ಅದೂ ಎಂಟರಲ್ಲಿ, ಬೇಡವೇ ಬೇಡ. ಬಂದರೂ ನನಗೆ ಡ್ಯೂಟಿ. ರೂಮಿನಲ್ಲಿ ಅವಳನ್ನು ನೋಡುವವರು ಯಾರು? ಟಿಕೆಟನ್ನು ಅಕ್ಟೋಬರಿಗೆ ಹಾಕಿಸು.

ಹೊಗೆಗೆ ಹೆದರಬೇಡಿ. ನಾವೆಲ್ಲ ಹೊಗೆ ತುಂಬಿದ ಅಡುಗೆಮನೆಯಲ್ಲೇ ಹುಟ್ಟಿ ಬೆಳೆದವರು. ಕಿಟಕಿಗೆ ಒದ್ದೆ ಟವೆಲ್ ಕಟ್ಟು. ಅವಳು ಹೊರಗೆ ಬರುವುದು ಬೇಡ. ಶುಂಠಿ ಕಷಾಯ ಕುಡಿಯಲಿ. ತೆನೆ ಹಬ್ಬಕ್ಕೆ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಹೊಸ ಭತ್ತ ಸಿಗುತ್ತದೆ, ನಾಲ್ಕು ಕಾಳು ಚೀಲದಲ್ಲಿ ಕಳಿಸುತ್ತೇನೆ, ಹಾಲಿಗೆ ಹಾಕಿ ಕೊಡು.

ಮತ್ತೆ ನಿನ್ನ ನೀರಿನ ವಿಷಯ. ನೀನು ಬರೆದದ್ದು ಬರೆದಾಯಿತು, ಅವರು ಕೇಳಲಿಲ್ಲ. ಅಲ್ಲಿಗೆ ಬಿಡು. ಹೇಳಿದಷ್ಟು ಮಾಡು. ಅವರ ತೋಟ, ಅವರ ಕಾಲುವೆ, ಅವರ ಸಂಬಳ. ದೊಡ್ಡವರ ಜೊತೆ ವಾದಕ್ಕೆ ನಿಂತು ಕೆಲಸ ಕಳೆದುಕೊಂಡವರನ್ನು ಈ ಊರಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಹೆಂಡತಿ ಬಸುರಿ ಇರುವಾಗ ಅದೆಲ್ಲ ಬೇಡ.

ಜೂಡಿತಳಿಗೆ ನನ್ನ ಮುತ್ತು. ಹಸಿರು ಸೀರೆಗೆ ರವಿಕೆ ಹೊಲಿಯಲು ಕೊಡಬೇಕು, ತೋಳಿನ ಅಳತೆ ಬರೆಯಲು ಹೇಳು.

ಮಮ್ಮಿ


ಅಬುಧಾಬಿ
22 ಸೆಪ್ಟೆಂಬರ್ 2015

ಎಲ್ರಾಯ್,

ಎರಡು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಮೊನ್ನೆ ವಾರ್ಡಿನ ಟಿವಿಯಲ್ಲಿ ನಿಮ್ಮ ಕಡೆ ತೋರಿಸಿದರು. ಮಧ್ಯಾಹ್ನವಂತೆ. ಗಾಡಿಗಳೆಲ್ಲ ದೀಪ ಹಚ್ಚಿಕೊಂಡಿದ್ದವು. ಊರು ಪೂರ್ತಿ ಹಳದಿ. ಅರಿಶಿನ ಕದಡಿದ ನೀರಿನಲ್ಲಿ ಮನೆಗಳನ್ನು ಇಟ್ಟ ಹಾಗೆ. ಬಾಯಿಗೆ ಬಟ್ಟೆ ಕಟ್ಟಿದ ಮಕ್ಕಳು. ಕೈಯಲ್ಲಿದ್ದ ಮಗುವಿಗೆ ಟವೆಲ್ ಸುತ್ತುವುದನ್ನು ಮರೆತು ನಿಂತುಬಿಟ್ಟೆ. ಸಿಸ್ಟರ್ ಬೈದರು.

ನಿನ್ನೆ ರಜೆ ಹಾಕಿ ದುಬೈಗೆ ಹೋದೆ. ಬಸ್ಸು, ಮೆಟ್ರೋ, ಆಮೇಲೆ ಜುಮೇರಾ ಲೇಕ್ ಟವರ್ಸ್‌ನಲ್ಲಿ ಯಾವ ಟವರ್ ಎಂದು ತಿಳಿಯದೆ ಆ ಬಿಸಿಲಲ್ಲಿ ಎರಡು ಸುತ್ತು ಹೊಡೆದೆ. ಶಾಮಸುಂದರ ಅವರು ಎದ್ದು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅವರ ಗಾಜಿನ ಕಿಟಕಿಯ ಹೊರಗೆ ಕೆರೆ ಇದೆ, ಕಾಂಕ್ರೀಟಿನ ನಡುವೆ ತುಂಬಿಟ್ಟ ನೀರು. ನಾನು ಅದನ್ನೇ ನೋಡುತ್ತ ಮಾತಾಡಿದೆ. ನನ್ನ ಮಗ ನೀರು ಇಳಿಸಬೇಡಿ ಎಂದು ಬರೆದದ್ದು ನಿಮಗೆ ಗೊತ್ತಾ ಎಂದು ಕೇಳಿದೆ. ಗೊತ್ತು ಎಂದರು. ಮೇಲೆ ಕಳಿಸಿದ್ದೆ ಎಂದರು. ಮೇಲಿನವರು ಯಾರು ಎಂದರೆ ಕೈ ಎತ್ತಿ ಛಾವಣಿ ತೋರಿಸಿದರು.

“ನೋಡಿ ಮೇಡಂ, ಒಂದು ಮಳೆ ಬಂದ್ರೆ ಎಲ್ಲಾ ಸರಿಹೋಗತ್ತೆ” ಎಂದರು.

“ಮಳೆ ಬರುವವರೆಗೆ ಹೊಟ್ಟೆಯಲ್ಲಿರುವ ಮಗು ಉಸಿರು ಹಿಡ್ಕೊಂಡು ಕೂತ್ಕೊಳ್ತದಾ ಸಾರ್?” ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ತಾವೇ ಕಂಪನಿಯ ಲೈನಿನಲ್ಲಿ ಎಸ್ಟೇಟಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ನಿನ್ನ ಸ್ವರ ಕೇಳಿತು. ಅದು ನಿನ್ನ ಸ್ವರದ ಹಾಗಿರಲಿಲ್ಲ. ಅವಳನ್ನು ಕಳಿಸು ಎಂದೆ. ವಿಮಾನ ನಿಲ್ದಾಣ ಮುಚ್ಚಿದೆ ಎಂದೆಯೋ, ಮುಚ್ಚುತ್ತದೆ ಎಂದೆಯೋ, ಅಷ್ಟರಲ್ಲಿ ಲೈನು ಹೋಯಿತು. ಮತ್ತೆ ಎಷ್ಟು ಸಲ ಹಚ್ಚಿದರೂ ಸಿಗಲಿಲ್ಲ.

ಅದಕ್ಕೆ ಬರೆಯುತ್ತಿದ್ದೇನೆ, ಸರಿಯಾಗಿ ಓದು. ಎಂಟು, ಒಂಬತ್ತು ಎಲ್ಲ ಬಿಡು. ಹೂವೂ ಬೇಡ. ದೋಣಿಯಾದರೆ ದೋಣಿ, ಲಾರಿಯಾದರೆ ಲಾರಿ, ಹೊಗೆ ಇಲ್ಲದ ಯಾವುದಾದರೂ ಊರಿಗೆ ಅವಳನ್ನು ಮುಟ್ಟಿಸು. ಆಮೇಲಿನದನ್ನು ನಾನು ನೋಡಿಕೊಳ್ಳುತ್ತೇನೆ. ಈದ್ ರಜೆಗೆ ಆಫೀಸು ಮುಚ್ಚುತ್ತದೆ, ಚೀಲ ಇನ್ನು ಮುಂದಿನ ವಾರವೇ ಎಂದು ಶಾಮಸುಂದರ ಹೇಳಿದರು. ಆದರೂ ಬರೆಯದೆ ಇರಲಾಗಲಿಲ್ಲ. ಟ್ಯಾಂಕ್ ಹತ್ತಿ ಒಂದು ಮಿಸ್ಡ್ ಕಾಲ್ ಆದರೂ ಕೊಡು.

ಮಮ್ಮಿ


ಎಸ್ಟೇಟ್
21 ಅಕ್ಟೋಬರ್ 2015

ಮಮ್ಮಿ,

ಶಾಮಸುಂದರ ಸಾರ್ ನಿನಗೆ ಫೋನಿನಲ್ಲಿ ಹೇಳಿದರಂತೆ. ನನಗೆ ಬಾಯಿ ಬರಲಿಲ್ಲ, ಕ್ಷಮಿಸು.

ದೋಣಿಗೆ ಹೊರಟಿದ್ದೆವು. ನಿನ್ನ ಕಾಗದ ಮುಟ್ಟುವ ಮೊದಲೇ, ಫೋನಿನಲ್ಲಿ ನಿನ್ನ ಸ್ವರ ಕೇಳಿದ ಮರುದಿನವೇ. ನದಿಯ ಮೇಲೆ ಏನೂ ಕಾಣುತ್ತಿರಲಿಲ್ಲ. ದೋಣಿಯವನು ಅರ್ಧ ದಾರಿಯಿಂದ ಹಿಂದೆ ತಿರುಗಿಸಿದ. ಆಮೇಲೆ ಅವಳಿಗೆ ಜ್ವರ, ಕೆಮ್ಮು ಬಂದರೆ ನಿಲ್ಲುತ್ತಿರಲಿಲ್ಲ. ಕೊನೆಗೆ ಇಲ್ಲಿಯ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಒಳಗೂ ಹೊಗೆ ಮಮ್ಮಿ. ಟ್ಯೂಬ್‌ಲೈಟಿನ ಸುತ್ತ ಮಂಜಿನ ಹಾಗೆ ನಿಂತಿತ್ತು. ಆಕ್ಸಿಜನ್ ಸಿಲಿಂಡರಿಗೆ ಸಾಲು.

ಹೆಣ್ಣು ಮಗು. ತಿಂಗಳು ತುಂಬದೆ ಬಂತು, ಆದರೂ ಕೈಕಾಲು ಬೆರಳು ಎಲ್ಲ ಸರಿಯಾಗಿತ್ತು. ಅಳು ಮಾತ್ರ ಬೆಕ್ಕಿನ ಮರಿಯಷ್ಟು. ಮೂರನೇ ದಿನ ನರ್ಸ್ ಬಂದು ಬೇಗ ಏನಾದರೂ ಪ್ರಾರ್ಥನೆ ಇದ್ದರೆ ಮಾಡಿ ಎಂದಳು. ಪಾದ್ರಿ ಸಿಗಲಿಲ್ಲ. ಜೂಡಿತ್ ಕುಡಿಯುವ ನೀರಿನ ಬಾಟಲಿ ತೆಗೆದು ತಾನೇ ಮಗುವಿನ ತಲೆಗೆ ನೀರೆರೆದು ಜ್ಞಾನಸ್ನಾನ ಕೊಟ್ಟಳು. ಮೊದಲ ಹೆಣ್ಣಿಗೆ ಅಪ್ಪನ ತಾಯಿಯ ಹೆಸರಲ್ಲವಾ. ಅಪೊಲೊನಿಯಾ ಎಂದೇ ಇಟ್ಟೆವು.

ನದಿ ದಂಡೆಯ ದಯಾಕ್ ಜನರಿಗೆ ಒಂದು ಸಣ್ಣ ಇಗರ್ಜಿ ಇದೆ. ಅದರ ಹಿತ್ತಲಿನ ಸಮಾಧಿ ಭೂಮಿಯಲ್ಲಿ ಜಾಗ ಕೊಟ್ಟರು. ಅದು ನಮ್ಮ ಕೊನೆಯ ಕಾಲುವೆಗೆ ತಾಗಿಕೊಂಡೇ ಇದೆ. ಗುಂಡಿ ತೋಡಿದವರು ಮಣ್ಣನ್ನು ಕೈಯಲ್ಲಿ ಹಿಡಿದು ಬಿಸಿ ಇದೆಯಾ ಎಂದು ನೋಡಿದರು. ಬಿಸಿ ಇರಲಿಲ್ಲ. ಆಮೇಲೆ ಇಳಿಸಿದೆವು.

ಜೂಡಿತ್ ಮಾತಾಡುತ್ತಿಲ್ಲ. ಊಟ ಮಾಡು ಎಂದರೆ ಮಾಡುತ್ತಾಳೆ. ಮಳೆ ಇನ್ನೂ ಬಂದಿಲ್ಲ.

ಎಲ್ರಾಯ್


ಅಬುಧಾಬಿ
2 ನವೆಂಬರ್ 2015, ಸತ್ತವರ ಹಬ್ಬ

ನನ್ನ ಪುತಾ, ನನ್ನ ಜೂಡಿತ್,

ಇವತ್ತು ಇಗರ್ಜಿಯಲ್ಲಿ ಸತ್ತವರಿಗಾಗಿ ಪೂಜೆ. ಹೆಸರು ಬರೆದು ಪೆಟ್ಟಿಗೆಗೆ ಹಾಕುವ ಪದ್ಧತಿ. ನಿನ್ನ ಪಪ್ಪನ ಹೆಸರು ಬರೆದೆ, ನನ್ನ ತಾಯಿಯದ್ದು ಬರೆದೆ. ಆಮೇಲೆ ನನ್ನ ಹೆಸರನ್ನೇ ಬರೆಯಬೇಕಾಯಿತು. ಪಕ್ಕದಲ್ಲಿದ್ದ ಹೆಂಗಸು ಇಣುಕಿ, ಬಾಯಮ್ಮ, ನೀವು ತಪ್ಪಿ ನಿಮ್ಮದೇ ಬರೆದಿರಿ ಎಂದಳು. ತಪ್ಪಲ್ಲ ಎಂದೆ. ಅಲ್ಲಿಯೇ ಕೂತು ಅತ್ತೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಬೇರೆ ವಾರ್ಡಿಗೆ ಹಾಕುತ್ತೇವೆ ಎಂದು ಸಿಸ್ಟರ್ ತಾವಾಗಿಯೇ ಹೇಳಿದರು, ನಾನೇ ಬೇಡ ಎಂದೆ. ಮಕ್ಕಳನ್ನು ಮೀಯಿಸುವಾಗ ಒಂದೊಂದು ಮಗು ಬಾಯಿ ತೆರೆದು ಎಂಥ ದೊಡ್ಡ ಉಸಿರು ಎಳೆಯುತ್ತದೆ! ಮೊದಲು ಅದು ನನಗೆ ಕಂಡೇ ಇರಲಿಲ್ಲ. ಈಗ ಕೈ ನಿಲ್ಲಿಸಿ ನೋಡುತ್ತೇನೆ. ಮೊನ್ನೆ ಸೋಪಿನ ಡಬ್ಬದ ಹಿಂದೆ ಓದಿದೆ. ತಾಳೆ ಎಣ್ಣೆ. ರೂಮಿಗೆ ಬಂದು ಬಿಸ್ಕತ್ತಿನ ಪ್ಯಾಕೆಟ್ ನೋಡಿದೆ, ಅದರಲ್ಲೂ ಇದೆ. ನೂಡಲ್ಸ್, ಚಾಕಲೇಟು, ನಾನು ಕೈಗೆ ಹಚ್ಚುವ ಕ್ರೀಮು, ಎಲ್ಲದರಲ್ಲೂ. ಸೂಫಿಯಾ ಡಬ್ಬಗಳನ್ನು ನನ್ನ ಕೈಯಿಂದ ಕಸಿದು ಕಪಾಟಿನಲ್ಲಿಟ್ಟಳು. ಇಷ್ಟು ವರ್ಷ ಪರೋಟ ಕರಿದದ್ದು, ಮೀನು ಕರಿದದ್ದು ಯಾವುದರಲ್ಲಿ ಎಂದು ಹೇಳಿ ಯಾರನ್ನು ಬೈಯಲಿ?

ಮಳೆ ಬಂತು ಎಂದು ಟಿವಿಯಲ್ಲಿ ಹೇಳಿದರು. ಈಗ ಬಂತು.

ಇದೆಲ್ಲ ದೇವರ ಚಿತ್ತ ಜೂಡಿತ್. ನಮಗೆ ತಿಳಿಯುವುದಿಲ್ಲ. ನೀವಿಬ್ಬರೂ ಹೊರಟು ಬನ್ನಿ. ಅಲ್ಲಿ ಇನ್ನೇನಿದೆ? ಮೊದಲು ಇಲ್ಲಿಗೆ ಬನ್ನಿ, ನನ್ನ ಹತ್ತಿರ ನಾಲ್ಕು ದಿನ ಇದ್ದು ಆಮೇಲೆ ಊರಿಗೆ ಹೋಗಿ.

ಮಮ್ಮಿ


ಕಲ್ಯಾಣಪುರ
7 ಫೆಬ್ರವರಿ 2016

ಮಮ್ಮಿಗೆ,

ನಿಮ್ಮ ಮೂರು ಕಾಗದಗಳೂ ನನ್ನ ತಾಯಿಯ ಮನೆಗೆ ಮುಟ್ಟಿವೆ. ಉತ್ತರ ಬರೆಯದೆ ಇದ್ದದ್ದು ಪುರುಸೊತ್ತಿಲ್ಲದೆ ಅಲ್ಲ.

ಡಿಸೆಂಬರಿನಲ್ಲಿ ಊರಿಗೆ ಬರುವಾಗ ಅಬುಧಾಬಿ ವಿಮಾನ ನಿಲ್ದಾಣದಲ್ಲಿ ಅರ್ಧ ದಿನ ಕೂತಿದ್ದೆ. ನಿಮಗೆ ಫೋನ್ ಮಾಡಲಿಲ್ಲ. ಅದನ್ನು ಎಲ್ರಾಯ್ ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದು ಕಾಣುತ್ತದೆ, ನಾನು ಮುಚ್ಚಿಡುವುದಿಲ್ಲ. ನೀವು ಬಂದು ತಬ್ಬಿಕೊಂಡರೆ ನಾನು ಏನು ಹೇಳಿಬಿಡುತ್ತೇನೋ ಎಂದು ಹೆದರಿದೆ.

ದೇವರ ಚಿತ್ತ ಎಂದು ಬರೆದಿದ್ದೀರಿ. ಮೂರು ಕಾಗದದಲ್ಲೂ ಬರೆದಿದ್ದೀರಿ. ದೇವರು ಯಾಕೆ ಮಮ್ಮಿ? ನೀರು ಇಳಿಸಿ ಎಂದು ಕಂಪನಿ ಹೇಳಿತು, ಇವರು ಇಳಿಸಿದರು. ಎಂಟರಲ್ಲಿ ಕಳಿಸಬೇಡ ಎಂದು ನೀವು ಹೇಳಿದಿರಿ, ಇವರು ಕಳಿಸಲಿಲ್ಲ. ಟಿಕೆಟ್ ಮೇಜಿನ ಮೇಲೆಯೇ ಇತ್ತು. ಹೊಗೆ ಹೋಗುತ್ತಿದ್ದದ್ದು ನನ್ನ ಮೂಗಿಗೆ, ಮಗು ಇದ್ದದ್ದು ನನ್ನ ಹೊಟ್ಟೆಯಲ್ಲಿ. ನೀನು ಏನು ಹೇಳುತ್ತಿ ಜೂಡಿತ್ ಎಂದು ಒಬ್ಬರಾದರೂ ನನ್ನನ್ನು ಕೇಳಿದಿರಾ? ರವಿಕೆಯ ತೋಳಿನ ಅಳತೆ ಕೇಳಿದಿರಿ.

ನಾನೂ ಬಾಯಿಬಿಟ್ಟು ಹೇಳಲಿಲ್ಲ, ಅದು ನನ್ನ ಪಾಲು. ಅದನ್ನು ನಾನು ಹೊರುತ್ತೇನೆ. ನಿಮ್ಮ ಪಾಲನ್ನು ದೇವರ ಮೇಲೆ ಹಾಕಬೇಡಿ ಎಂದು ಮಾತ್ರ ಹೇಳುತ್ತೇನೆ.

ಸಿಟ್ಟಿನಲ್ಲಿ ಬರೆದಿದ್ದೇನೆ. ಆದರೆ ಸುಳ್ಳು ಬರೆದಿಲ್ಲ.

ಜೂಡಿತ್


ಎಸ್ಟೇಟ್
9 ಜೂನ್ 2016

ಪ್ರೀತಿಯ ಮಮ್ಮಿ,

ಯಾವಾಗ ಬರುತ್ತಿ ಎಂದು ಪ್ರತಿ ಕಾಗದದಲ್ಲೂ ಕೇಳುತ್ತಿ, ನಾನು ಬೇರೆ ಏನೋ ಬರೆದು ಮುಗಿಸುತ್ತೇನೆ. ಇವತ್ತು ಸರಿಯಾಗಿ ಬರೆಯುತ್ತೇನೆ.

ನೀರು ತೆಗೆದ ಈ ನೆಲ ಕುಸಿಯುತ್ತದೆ. ವರ್ಷಕ್ಕೆ ಅರ್ಧ ಗೇಣು. ತಾಳೆ ಮರಗಳು ಬೇರು ಮೇಲೆ ಕಾಣುವ ಹಾಗೆ ವಾಲಿ ನಿಂತಿವೆ. ಸಮಾಧಿ ಭೂಮಿಯೂ ಕಾಲುವೆಯ ಕಡೆಗೆ ಇಳಿದಿದೆ. ನಮ್ಮ ಮಗುವಿನ ಶಿಲುಬೆಯನ್ನು ಎರಡು ಸಲ ನೇರ ಮಾಡಿ ನೆಟ್ಟೆ. ಹೋದ ವರ್ಷದ ಬೆಂಕಿ ಅದರ ಹಿಂದಿನ ಪೊದೆಯವರೆಗೆ ಬಂದು ನಿಂತಿತ್ತು. ಅದು ಆಗ ನಿಂತಿತು ಎಂಬುದಷ್ಟೇ ಗೊತ್ತು, ಯಾಕೆ ನಿಂತಿತು ಎಂಬುದು ಗೊತ್ತಿಲ್ಲ.

ಮಳೆಗಾಲದಲ್ಲಿ ನದಿ ದಂಡೆಯ ಜನರನ್ನು ಸೇರಿಸಿಕೊಂಡು ಆ ಕೊನೆಯ ಕಾಲುವೆಗೆ ಹಲಗೆ, ಮರಳು ಚೀಲ ಹಾಕಿ ಕಟ್ಟ ಕಟ್ಟಿದೆ. ನಮ್ಮ ಊರಲ್ಲಿ ತೋಡಿಗೆ ಕಟ್ಟುತ್ತಾರಲ್ಲ, ಅದೇ ತರಹ. ನೀರು ನಿಂತಿದೆ. ಸಮಾಧಿ ಭೂಮಿಯಲ್ಲಿ ಬೆರಳಿನಿಂದ ಕೆರೆದರೆ ಒದ್ದೆ ಸಿಗುತ್ತದೆ. ಆದರೆ ಆ ಬದಿಯ ಮೂರು ಸಾಲು ತಾಳೆಗೆ ನೀರು ಹೆಚ್ಚಾಗಿ ಎಲೆ ಹಳದಿಯಾಗಿದೆ. ಇಲ್ಲಿ ಈಗ ಬೇಸಿಗೆ ಶುರು. ಕಟ್ಟ ಒಡೆದು ನೀರು ಬಿಡು ಎಂದು ಹೆಡ್ ಆಫೀಸಿನಿಂದ ಬಂದಿದೆ. ನಾನು ಆಗುವುದಿಲ್ಲ ಎಂದು ಬರೆದೆ. ಮತ್ತೆ ಬಂತು. ನಾನೂ ಮತ್ತೆ ಬರೆದೆ.

ಒಂದು ಸಲ ಹೇಳಿದ್ದನ್ನು ಮಾಡಿದೆ, ಮಮ್ಮಿ.

ಎಲ್ರಾಯ್


ಅಬುಧಾಬಿ
28 ಜೂನ್ 2016

ಪ್ರೀತಿಯ ಪುತಾ,

ಭಾನುವಾರ ಶಾಮಸುಂದರ ಅವರೇ ಫೋನ್ ಮಾಡಿ ಕರೆದರು. ರಮದಾನ್, ಆಫೀಸು ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಈ ಸಲ ಅವರು ಚಹಾ ತರಿಸುವ ಹಾಗಿರಲಿಲ್ಲ, ಅದಕ್ಕೆ ಎರಡೆರಡು ಸಲ ಕ್ಷಮೆ ಕೇಳಿದರು. ಹೇಳಲು ಬೇರೆ ಮಾತು ಇತ್ತು, ಅದು ಬಾಯಿಗೆ ಬರಲು ಹೊತ್ತಾಯಿತು.

ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ನೀನು ತಿಂಗಳ ಒಳಗೆ ಆ ಕಟ್ಟ ತೆಗೆದರೆ ನಿನ್ನನ್ನು ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಫ್ಯಾಕ್ಟರಿಗೆ ವಾಪಸು ತರುತ್ತಾರೆ. ಹಳೆಯ ಹುದ್ದೆ, ಫ್ಯಾಮಿಲಿ ವೀಸಾ, ಎರಡೂ ಕೊಡುತ್ತಾರೆ. ತೆಗೆಯದಿದ್ದರೆ ಖಲಾಸ್, ಕೆಲಸ ಹೋಗುತ್ತದೆ, ಕಟ್ಟವನ್ನು ಬೇರೆಯವರು ತೆಗೆಯುತ್ತಾರೆ. “ನೀವು ಒಂದು ಮಾತು ಬರೆದ್ರೆ ಅವರು ಕೇಳ್ತಾರೆ, ಮೇಡಂ. ನಿಮ್ಮ ಮಾತು ಅವರು ಯಾವತ್ತೂ ತೆಗೆದುಹಾಕಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು.

ಸುಳ್ಳು ಯಾಕೆ ಹೇಳಲಿ, ನನಗೆ ಆಸೆಯಾಯಿತು. ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ ನೀನು. ಶುಕ್ರವಾರ ಬಂದು ಮೀನು ಸಾರು ಉಣ್ಣುತ್ತಿ. ಜೂಡಿತಳ ಮನಸ್ಸು ಒಂದು ದಿನ ತಿಳಿಯಾಗಿ ಅವಳೂ ಬರುತ್ತಾಳೆ. ಮೆಟ್ರೋದಲ್ಲಿ ಕೂತು ನಾನು ಇಷ್ಟೆಲ್ಲ ಮನೆ ಕಟ್ಟಿದೆ. ರೂಮಿಗೆ ಬಂದು ಪೆನ್ನು ತೆಗೆದು, ಕಟ್ಟ ತೆಗೆದು ಬಾ ಪುತಾ ಎಂದು ಬರೆದೂ ಆಯಿತು. ಆಮೇಲೆ ಅದನ್ನು ಹರಿದೆ. ಹೋದ ಆಗಸ್ಟಿನಲ್ಲಿ ಇದೇ ಮಂಚದ ಮೇಲೆ ಕೂತು ಬರೆದ ಕಾಗದವೇ ನನ್ನ ಮೊಮ್ಮಗಳನ್ನು ಅಲ್ಲಿ ಹಿಡಿದು ನಿಲ್ಲಿಸಿತು. ಅದನ್ನು ನಾನು ಇಷ್ಟು ದಿನ ನಿನಗೂ ಬರೆಯಲಿಲ್ಲ, ಪಾದ್ರಿಗೂ ಹೇಳಲಿಲ್ಲ. ಜೂಡಿತ್ ಬರೆದಳು, ಅವಳು ಬರೆದದ್ದು ನಿಜ. ದೇವರದ್ದಲ್ಲ, ನನ್ನದು.

ಹಾಗಾಗಿ ಈ ಸಲ ನಾನು ಹೇಳುವುದಿಲ್ಲ. ನಿನ್ನೆ ಡ್ಯೂಟಿ ಮುಗಿಸಿ ಕಲ್ಯಾಣಪುರಕ್ಕೆ ಫೋನ್ ಮಾಡಿದೆ. ಅವಳ ತಾಯಿ ಎತ್ತಿದರು, ಅವಳು ಬರುವುದಿಲ್ಲ ಎಂದರು. ಕಾಯುತ್ತೇನೆ ಎಂದೆ. ತುಂಬ ಹೊತ್ತಿನ ಮೇಲೆ ಬಂದಳು. ಮೊದಲು ಕೇಳಿದ್ದು ಅವಳ ಉಸಿರು, ಆಮೇಲೆ ಕೆಮ್ಮು. ಇನ್ನೂ ಆ ಕೆಮ್ಮು ಹೋಗಿಲ್ಲ.

ಶಾಮಸುಂದರ ಹೇಳಿದ್ದನ್ನೆಲ್ಲ ಹೇಳಿದೆ. ಕೆಲಸದ್ದು, ವೀಸಾದ್ದು, ಕಟ್ಟದ್ದು. ನನ್ನ ಆಸೆಯನ್ನು ಹೇಳಲಿಲ್ಲ. ಆಮೇಲೆ ಕೇಳಿದೆ, “ಜೂಡಿತ್, ನೀನು ಏನು ಹೇಳ್ತಿ?”

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಲೈನು ಹೋಯಿತೋ ಎಂದು ನಾನು ಹಲೋ ಹಲೋ ಎಂದೆ. ಆಗ ಹೇಳಿದಳು. ಅವಳು ಹೇಳಿದ್ದನ್ನೇ ಬರೆಯುತ್ತಿದ್ದೇನೆ, ನನ್ನದು ಒಂದಕ್ಷರ ಸೇರಿಸಿಲ್ಲ. ಈ ಕಾಗದ ಆಫೀಸಿನ ಚೀಲದಲ್ಲೇ ಬರುತ್ತದೆ, ದಾರಿಯಲ್ಲಿ ಯಾರು ಬೇಕಾದರೂ ಒಡೆದು ಓದಲಿ.

“ಹೊಗೆ ಕುಡಿದೇ ಹುಟ್ಟಿದ್ದು ಅದು, ಮಮ್ಮಿ. ಸತ್ತ ಮೇಲಾದ್ರೂ ತಂಪಲ್ಲಿ ಮಲಗಲಿ. ಕಟ್ಟದ ನೀರು ಬಿಡ್ಬೇಡಿ ಅಂತ ಅವರಿಗೆ ಬರೀರಿ.”

ಬರೆದಿದ್ದೇನೆ.

ಅಪೊಲೊನಿಯಾ